ಕಾರ್ ಸ್ಟೀರಿಯೋ ಆಕ್ಸ್: ವಾದ್ಯ ಕೇಳುತ್ತದೆ, ಹಾಡುವವರ ದನಿ ಮಾತ್ರ ಇಲ್ಲ

ನೀಲಿಚಕ್ರ:

ಎಲ್ಲರಿಗೂ ನಮಸ್ಕಾರ. ಕಾರಿನ ಸ್ಟೀರಿಯೋ ಬಗ್ಗೆ ಸಹಾಯ ಬೇಕು. ಕಾರಿನ ಜೊತೆಗೇ ಬಂದ ಸೆಟ್ ಇದು. ರೇಡಿಯೋ ಇದೆ, ಸಿಡಿ ಇದೆ, ಗೇರ್ ಲಿವರ್ ಮುಂದೆ ಒಂದು ಆಕ್ಸ್ ಜಾಕ್ (ಫೋನಿನ ಸದ್ದನ್ನು ಕೇಬಲ್ ಮೂಲಕ ಸೆಟ್‌ಗೆ ಕೊಡುವ ತೂತು) ಇದೆ. ಬ್ಲೂಟೂತ್ ಇಲ್ಲ. ಹಾಡಿಗೂ ಮ್ಯಾಪ್‌ಗೂ ಆಕ್ಸ್ ಕೇಬಲ್ಲೇ ಗತಿ.

ಈಗ ಆಗುತ್ತಿರುವುದು ಇದು. ಫೋನನ್ನು ಚಾರ್ಜಿಗೆ ಹಾಕಿದ್ದರೆ ಹಾಡು ಪೂರ್ತಿ ಕೇಳುತ್ತದೆ, ಆದರೆ ಜೊತೆಯಲ್ಲಿ ಕುಂಯ್ ಅನ್ನೋ ಸದ್ದು ಇರುತ್ತದೆ. ಆಕ್ಸಿಲರೇಟರ್ ಒತ್ತಿದ ಹಾಗೆ ಆ ಸದ್ದು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಚಾರ್ಜರ್ ಕಿತ್ತರೆ ಕುಂಯ್ ಸದ್ದು ಹೋಗುತ್ತದೆ. ಅದರ ಜೊತೆಗೆ ಹಾಡುವವರ ದನಿಯೂ ಹೋಗುತ್ತದೆ! ವಾದ್ಯಗಳು ಎಲ್ಲೋ ದೂರದಲ್ಲಿ ನುಡಿಸಿದಂತೆ ಕೇಳುತ್ತವೆ, ಬೇಸ್ ಇಲ್ಲವೇ ಇಲ್ಲ. ಮ್ಯಾಪ್ ಹೇಳುವ ದಾರಿಯಂತೂ ಒಂದಕ್ಷರ ಕೇಳುವುದಿಲ್ಲ.

ಕುಂಯ್ ಸದ್ದಿಗೆ ಗ್ರೌಂಡ್ ಲೂಪ್ ಐಸೊಲೇಟರ್ (ಇಂಥ ಸದ್ದು ತಡೆಯಲು ಆಕ್ಸ್ ಕೇಬಲ್ ನಡುವೆ ಸಿಕ್ಕಿಸುವ ಸಣ್ಣ ಡಬ್ಬಿ) ಹಾಕಿ ಅಂದರು. ತಂದು ಹಾಕಿದೆ. ಸದ್ದು ನಿಂತಿತು, ಆದರೆ ಈಗ ಚಾರ್ಜರ್ ಇದ್ದರೂ ದನಿ ಬರುವುದಿಲ್ಲ. ರೇಡಿಯೋ, ಸಿಡಿ ಎರಡೂ ಚೆನ್ನಾಗಿವೆ. ಎಲ್ಲಿಂದ ಶುರು ಮಾಡಲಿ?

ದೂರದಾರಿ:

ಮೊದಲು ಕೇಬಲ್ ಮೇಲೆ ಅನುಮಾನ ಪಡಿ. ಆಕ್ಸ್ ಕೇಬಲ್ ಹಾಳಾಗುವುದು ಹೆಚ್ಚಾಗಿ ಪಿನ್ನಿನ ಬುಡದಲ್ಲಿ. ಹೊರಗಿನ ರಬ್ಬರ್ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ವೈರ್ ತುಂಡಾಗಿರುತ್ತದೆ. ಹಾಡು ಹಾಕಿ, ಬುಡದ ಹತ್ತಿರ ಮೆಲ್ಲಗೆ ಬಾಗಿಸಿ ನೋಡಿ. ಬಾಗಿಸಿದಾಗ ಸದ್ದು ಬದಲಾದರೆ ಕೇಬಲ್ ಬದಲಿಸಿ, ಮುಂದಕ್ಕೆ ಹುಡುಕುವುದೇ ಬೇಡ.

ಎರಡನೆಯದು ಜಾಕ್ ಒಳಗಿನ ದೂಳು. ಫೋನಿನ ಜಾಕ್‌ನಲ್ಲಿ ಜೇಬಿನ ನೂಲು ತುಂಬಿಕೊಂಡು ಗಟ್ಟಿಯಾಗುತ್ತದೆ. ಪಿನ್ ಪೂರ್ತಿ ಒಳಗೆ ಹೋಗುವುದಿಲ್ಲ. ಮರದ ಹಲ್ಲುಕಡ್ಡಿಯಿಂದ ನಿಧಾನವಾಗಿ ತೆಗೆಯಿರಿ. ಗುಂಡುಸೂಜಿ, ಹೇರ್‌ಪಿನ್ ಬೇಡ, ಒಳಗಿನ ಕಾಂಟ್ಯಾಕ್ಟ್ ಬಾಗುತ್ತದೆ. ದಪ್ಪ ಕವರ್ ಇದ್ದರೆ ಅದನ್ನೂ ತೆಗೆದು ನೋಡಿ. ಕವರ್ ಅಡ್ಡ ಬಂದು ಪಿನ್ ಒಂದೆರಡು ಮಿಲಿಮೀಟರ್ ಹೊರಗೇ ಉಳಿಯುವುದು ತುಂಬಾ ಸಾಮಾನ್ಯ.

ನೀಲಿಚಕ್ರ:

ಧನ್ಯವಾದ ಸರ್. ಹೊಸ ಕೇಬಲ್ ಹಾಕಿ ನೋಡಿದೆ, ಅದೇ ಕಥೆ. ಮನೆಯವರ ಫೋನ್ ಹಾಕಿದರೂ ಅದೇ. ಎರಡೂ ಫೋನಿಗೆ ಇಯರ್‌ಫೋನ್ ಹಾಕಿದರೆ ಹಾಡು ಸರಿಯಾಗಿಯೇ ಕೇಳುತ್ತದೆ. ಕವರ್ ತೆಗೆದೆ, ಜಾಕ್ ಕ್ಲೀನ್ ಇದೆ.

ತಂತಿಜಾಡು:

ನೀಲಿಚಕ್ರ ಅವರೇ, ನೀವು ಬರೆದಿರುವ ಲಕ್ಷಣಗಳಲ್ಲೇ ಉತ್ತರ ಇದೆ. ನಿಮ್ಮ ಆಕ್ಸ್ ದಾರಿಯಲ್ಲಿ ಗ್ರೌಂಡ್ ಕಡಿದಿದೆ. ಫೋನ್ ಬದಲಿಸಿದ್ದೀರಿ, ಕೇಬಲ್ ಬದಲಿಸಿದ್ದೀರಿ. ಹಾಗಾದರೆ ಕಡಿದಿರುವುದು ಕಾರಿನ ಕಡೆ. ಜಾಕ್‌ನಲ್ಲಿ, ಅಥವಾ ಜಾಕ್‌ನಿಂದ ಸೆಟ್‌ಗೆ ಹೋಗುವ ವೈರಿನಲ್ಲಿ.

ಯಾಕೆ ಅಂತ ಹೇಳುತ್ತೇನೆ. ಆಕ್ಸ್ ಪಿನ್ 3.5 ಮಿ.ಮೀ. ದಪ್ಪದ್ದು. ಅದರ ಮೇಲೆ ಎರಡು ಕಪ್ಪು ಗೆರೆ ಇರುತ್ತವೆ, ಅಂದರೆ ಮೂರು ಭಾಗ. ತುದಿಯದು ಎಡ ಚಾನಲ್. ನಡುವಿನ ರಿಂಗ್ ಬಲ ಚಾನಲ್. ಬುಡದ ಉದ್ದನೆಯ ಭಾಗ ಗ್ರೌಂಡ್, ಎರಡೂ ಚಾನಲ್‌ಗಳ ಕರೆಂಟ್ ವಾಪಸ್ ಹೋಗುವ ದಾರಿ.

ಈ ವಾಪಸ್ ದಾರಿ ಕಡಿದರೆ ಸದ್ದು ಪೂರ್ತಿ ನಿಲ್ಲುವುದಿಲ್ಲ. ಎಡ ಚಾನಲ್ಲಿನ ಕರೆಂಟ್ ಬಲ ಚಾನಲ್ ಮೂಲಕ ವಾಪಸ್ ಬರಲು ನೋಡುತ್ತದೆ. ಆಗ ಸ್ಟೀರಿಯೋಗೆ ಸಿಗುವುದು ಎಡ ಮತ್ತು ಬಲದ ನಡುವಿನ ವ್ಯತ್ಯಾಸ ಮಾತ್ರ. ಹಾಡಿನ ರೆಕಾರ್ಡಿಂಗ್‌ನಲ್ಲಿ ಗಾಯಕರ ದನಿಯನ್ನು ಸಾಮಾನ್ಯವಾಗಿ ಸರಿಯಾಗಿ ನಡುವೆ ಇಟ್ಟಿರುತ್ತಾರೆ, ಎರಡೂ ಕಡೆ ಒಂದೇ ಸಮ. ತಕ್ಕಡಿಯ ಎರಡು ತಟ್ಟೆಗೂ ಒಂದೇ ತೂಕ ಹಾಕಿದರೆ ಮುಳ್ಳು ಅಲ್ಲಾಡುವುದಿಲ್ಲ ಅಲ್ವಾ, ಹಾಗೆ ದನಿ ಕಳೆದುಹೋಗುತ್ತದೆ. ಬೇಸ್ ಗಿಟಾರ್, ಡ್ರಮ್ಮಿನ ದೊಡ್ಡ ಪೆಟ್ಟು ಕೂಡ ನಡುವೆಯೇ ಇರುತ್ತವೆ, ಅವೂ ಹೋಗುತ್ತವೆ. ಒಂದು ಪಕ್ಕಕ್ಕೆ ವಾಲಿಸಿದ ವಾದ್ಯ ಮತ್ತು ರಿವರ್ಬ್, ಅಂದರೆ ಸದ್ದಿನ ಮಾರ್ದನಿ, ಮಾತ್ರ ಉಳಿಯುತ್ತವೆ. ದೂರದಿಂದ ಬಂದಂತೆ ಕೇಳುವುದು ಅದಕ್ಕೇ.

ಮ್ಯಾಪ್ ದನಿ ಪೂರ್ತಿ ಮೋನೋ. ಎಡ, ಬಲ ಎರಡರಲ್ಲೂ ಒಂದೇ. ವ್ಯತ್ಯಾಸ ಸೊನ್ನೆ. ಒಂದಕ್ಷರ ಕೇಳದಿರುವುದು ಸಹಜ. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೋ ಆಡಿಯೋ ಆನ್ ಮಾಡಿ, ಚಾರ್ಜರ್ ತೆಗೆದು ಯಾವುದಾದರೂ ಹಾಡು ಹಾಕಿ. ವಾದ್ಯವೂ ಸೇರಿ ಎಲ್ಲ ನಿಂತರೆ, ಅಥವಾ ತೀರಾ ಸಣ್ಣಗಾದರೆ, ಗ್ರೌಂಡ್ ಕಡಿದಿರುವುದು ಖಚಿತ.

ನೀಲಿಚಕ್ರ:

ಈಗಲೇ ಮಾಡಿದೆ. ಮೋನೋ ಆನ್ ಮಾಡಿದ ಕೂಡಲೇ ನಿಶ್ಶಬ್ದ! ವಾಲ್ಯೂಮ್ ಪೂರ್ತಿ ಏರಿಸಿದರೂ ಬರೀ ಸುಯ್ ಅಂತ ಗಾಳಿಯ ಸದ್ದು.

ಆದರೆ ಚಾರ್ಜರ್ ಹಾಕಿದರೆ ಯಾಕೆ ಸರಿಯಾಗುತ್ತದೆ? ಐಸೊಲೇಟರ್ ಹಾಕಿದ ಮೇಲೆ ಯಾಕೆ ಇನ್ನೂ ಕೆಟ್ಟಿತು? ಅದೇ ತಲೆಗೆ ಹೋಗುತ್ತಿಲ್ಲ.

ತಂತಿಜಾಡು:

ಒಳ್ಳೆಯ ಪ್ರಶ್ನೆ. ನನಗೆ ಗ್ರೌಂಡ್ ಮೇಲೆ ಅನುಮಾನ ಬಂದದ್ದೇ ಅಲ್ಲಿಂದ.

ಕಾರಿನಲ್ಲಿ ಬ್ಯಾಟರಿಯ ನೆಗೆಟಿವ್ ಬಾಡಿಗೆ ಸೇರಿರುತ್ತದೆ. ಸ್ಟೀರಿಯೋ ಗ್ರೌಂಡ್ ಕೂಡ ಕೊನೆಗೆ ಅಲ್ಲಿಗೇ ಬರುತ್ತದೆ. 12 ವೋಲ್ಟ್ ಸಾಕೆಟ್ಟಿನ ಹೊರಗೋಡೆಯೂ ಅಲ್ಲಿಗೇ. ಸಾಮಾನ್ಯ ಕಾರ್ ಚಾರ್ಜರ್‌ನಲ್ಲಿ ಯುಎಸ್‌ಬಿಯ ನೆಗೆಟಿವ್ ಮತ್ತು ಸಾಕೆಟ್ಟಿನ ನೆಗೆಟಿವ್ ನೇರವಾಗಿ ಒಂದೇ. ಹಾಗಾಗಿ ಚಾರ್ಜರ್ ಹಾಕಿದಾಗ ಫೋನಿನ ಗ್ರೌಂಡ್ ಚಾರ್ಜರ್ ಮೂಲಕ ಕಾರಿನ ಬಾಡಿಗೆ ಸೇರಿತು, ಅಲ್ಲಿಂದ ಸ್ಟೀರಿಯೋಗೆ ಹೋಯಿತು. ಕಡಿದ ದಾರಿಗೆ ಬದಲಿ ದಾರಿ ಸಿಕ್ಕಿತು. ದನಿ ವಾಪಸ್ ಬಂತು.

ಆದರೆ ಆ ದಾರಿಯಲ್ಲಿ ಆಲ್ಟರ್ನೇಟರ್, ಫ್ಯಾನ್, ಇಗ್ನಿಷನ್, ಎಲ್ಲದರ ಕರೆಂಟೂ ಓಡಾಡುತ್ತಿರುತ್ತದೆ. ಆಲ್ಟರ್ನೇಟರ್ ಅಂದರೆ ಎಂಜಿನ್ ತಿರುಗಿಸುವ ಜನರೇಟರ್, ಅದು ತಯಾರಿಸುವುದು ಎಸಿ. ಡಯೋಡ್‌ಗಳು ಅದನ್ನು ಡಿಸಿ ಮಾಡುತ್ತವೆ, ಆದರೂ ಸಣ್ಣ ಅಲೆ ಉಳಿಯುತ್ತದೆ. ಎಂಜಿನ್ ಜೋರಾಗಿ ತಿರುಗಿದಷ್ಟೂ ಅಲೆಯ ಫ್ರೀಕ್ವೆನ್ಸಿ ಜಾಸ್ತಿ. ಅದಕ್ಕೇ ಆಕ್ಸಿಲರೇಟರ್ ಜೊತೆ ಕುಂಯ್ ಸದ್ದು ಏರುತ್ತದೆ. ನಿಮ್ಮ ಹಾಡಿನ ವಾಪಸ್ ಕರೆಂಟ್ ಅದೇ ದಾರಿಯಲ್ಲಿ ಬಂದಿದ್ದರಿಂದ ಸದ್ದು ನೇರವಾಗಿ ಹಾಡಿನಲ್ಲಿ ಬೆರೆಯಿತು.

ಇನ್ನು ಐಸೊಲೇಟರ್. ಅದರೊಳಗೆ ಎರಡು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತವೆ, ಎಡಕ್ಕೊಂದು ಬಲಕ್ಕೊಂದು. ಸಿಗ್ನಲ್ ಕಾಂತಕ್ಷೇತ್ರದ ಮೂಲಕ ಆ ಕಡೆಗೆ ದಾಟುತ್ತದೆ. ಎರಡು ಕಡೆಗೆ ವೈರಿನ ಸಂಪರ್ಕ ಇರುವುದಿಲ್ಲ. ಅಂದರೆ ಚಾರ್ಜರ್ ಕೊಡುತ್ತಿದ್ದ ಬದಲಿ ಗ್ರೌಂಡ್ ಐಸೊಲೇಟರ್ ದಾಟುವುದಿಲ್ಲ. ದಾಟಿದ ಮೇಲೆ ಕಾರಿನ ಕಡೆ ಗ್ರೌಂಡ್ ಕಡಿದೇ ಇದೆ. ಹಾಗಾಗಿ ಚಾರ್ಜರ್ ಇದ್ದರೂ ದನಿ ಇಲ್ಲ. ಐಸೊಲೇಟರ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಅದನ್ನು ಎಸೆಯಬೇಡಿ, ಮುಂದೆ ಬೇಕಾಗಬಹುದು.

ಮೌನಎಂಜಿನ್:

ತಂತಿಜಾಡು ಸರ್, ಒಂದು ಅನುಮಾನ. ನಾಲ್ಕು ಭಾಗದ ಪಿನ್ ಇರುವ ಕೇಬಲ್ ಹಾಕಿದರೂ ಹೀಗೇ ಆಗುತ್ತದೆ ಅಲ್ವಾ? ನನ್ನ ಹತ್ತಿರ ಅಂಥ ಒಂದು ಕೇಬಲ್ ಇದೆ. ಪೂರ್ತಿ ಒಳಗೆ ತಳ್ಳಿದರೆ ದನಿ ಮಾಯ, ಸ್ವಲ್ಪ ಹೊರಗೆ ಎಳೆದರೆ ವಾಪಸ್ ಬರುತ್ತದೆ.

ತಂತಿಜಾಡು:

ಹೌದು, ಆಗುತ್ತದೆ. ಮೂರು ಕಪ್ಪು ಗೆರೆ ಇದ್ದರೆ ನಾಲ್ಕು ಭಾಗದ ಪಿನ್. ಅದು ಮೈಕ್ ಇರುವ ಹೆಡ್‌ಸೆಟ್‌ಗೆ ಮಾಡಿದ್ದು. ಈಗಿನ ಫೋನುಗಳಲ್ಲಿ ಸಾಮಾನ್ಯವಾಗಿ ತುದಿಯಿಂದ ಎಡ, ಬಲ, ಗ್ರೌಂಡ್, ಮೈಕ್ ಅನ್ನುವ ಕ್ರಮ. ಇದನ್ನು ಸಿಟಿಐಎ ಅನ್ನುತ್ತಾರೆ. ಹಳೆಯ ಕೆಲವು ಫೋನುಗಳಲ್ಲಿ ಕೊನೆಯ ಎರಡು ಅದಲು ಬದಲು, ಅದು ಒಎಂಟಿಪಿ.

ಕಾರಿನ ಜಾಕ್ ಮೂರು ಭಾಗದ ಪಿನ್ನಿಗೆ ಮಾಡಿದ್ದು. ಅದರ ಗ್ರೌಂಡ್ ಕಾಂಟ್ಯಾಕ್ಟ್ ಬಾಯಿಯ ಹತ್ತಿರ ಇರುತ್ತದೆ. ನಾಲ್ಕು ಭಾಗದ ಪಿನ್ ಪೂರ್ತಿ ಒಳಗೆ ಹೋದಾಗ ಕೆಲವು ಜಾಕ್‌ಗಳಲ್ಲಿ ಆ ಕಾಂಟ್ಯಾಕ್ಟ್ ಮೈಕಿನ ಭಾಗದ ಮೇಲೆ ಕೂರುತ್ತದೆ, ಗ್ರೌಂಡ್ ಮೇಲೆ ಅಲ್ಲ. ಫಲಿತಾಂಶ ಅದೇ, ದನಿ ಮಾಯ. ಸ್ವಲ್ಪ ಹೊರಗೆ ಎಳೆದಾಗ ಗ್ರೌಂಡ್ ಭಾಗಕ್ಕೆ ತಾಗುತ್ತದೆ. ಪಿನ್ ಮತ್ತು ಜಾಕ್ ಹೊಂದದ ಹೆಡ್‌ಸೆಟ್‌ನಲ್ಲಿ ಮೈಕಿನ ಬಟನ್ ಒತ್ತಿ ಹಿಡಿದರೆ ಮಾತ್ರ ದನಿ ಬರುವುದನ್ನು ನೋಡಿರಬಹುದು. ಕಾರಣ ಇದೇ. ಬಟನ್ ಒತ್ತಿದಾಗ ಮೈಕ್ ಲೈನ್ ಮತ್ತು ಗ್ರೌಂಡ್ ಒಂದಾಗುತ್ತವೆ.

ಕಾರಿಗೆ ಎರಡು ಗೆರೆಯ ಕೇಬಲ್ಲೇ ಇಟ್ಟುಕೊಳ್ಳಿ. ಇನ್ನೊಂದು ಲಾಭವೂ ಇದೆ. ನಾಲ್ಕು ಭಾಗದ ಕೇಬಲ್ ಲೂಸ್ ಆದರೆ ಮೈಕ್ ಲೈನ್ ಆಗಾಗ ಗ್ರೌಂಡಿಗೆ ತಾಗುತ್ತದೆ. ಯಾರೋ ಬಟನ್ ಒತ್ತಿದರು ಅಂತ ಫೋನ್ ತಿಳಿಯುತ್ತದೆ. ಹಾಡು ತಾನೇ ನಿಲ್ಲುವುದು, ತಾನೇ ಶುರುವಾಗುವುದು, ಗಾಡಿ ಓಡಿಸುವಾಗ ವಾಯ್ಸ್ ಅಸಿಸ್ಟೆಂಟ್ ತೆರೆದುಕೊಳ್ಳುವುದು, ಇವೆಲ್ಲ ಹೆಚ್ಚಾಗಿ ಅದರಿಂದಲೇ. ಎಷ್ಟೋ ಜನ ಸುಮ್ನೆ ಫೋನ್ ರೀಸೆಟ್ ಮಾಡುತ್ತಾರೆ.

ನೀಲಿಚಕ್ರ:

ನನ್ನ ಎರಡೂ ಕೇಬಲ್ ಎರಡು ಗೆರೆಯವೇ. ಈಗ ನೋಡಿದೆ.

ತಂತಿಜಾಡು:

ಸರಿ, ಹಾಗಾದರೆ ಇನ್ನೊಂದು ಪರೀಕ್ಷೆ ಮಾಡಿ, ಏನನ್ನೂ ಬಿಚ್ಚುವ ಮೊದಲು. ಒಂದು ಉದ್ದನೆಯ ವೈರ್ ತೆಗೆದುಕೊಂಡು ಎರಡು ತುದಿಯ ಪ್ಲಾಸ್ಟಿಕ್ ಸುಲಿಯಿರಿ. ಐಸೊಲೇಟರ್ ತೆಗೆಯಿರಿ. ಚಾರ್ಜರ್ ಕೂಡ ಬೇಡ. ಹಾಡು ಹಾಕಿ. ಫೋನ್ ಕಡೆಯ ಪಿನ್ನನ್ನು ಒಂದು ಕೂದಲಷ್ಟು ಹೊರಗೆ ಎಳೆದರೆ ಬುಡದ ಲೋಹ ಕಾಣುತ್ತದೆ. ಅದಕ್ಕೆ ವೈರಿನ ಒಂದು ತುದಿ ತಾಗಿಸಿ. ಇನ್ನೊಂದು ತುದಿಯನ್ನು ಸೀಟಿನ ಕೆಳಗಿನ ಬೋಲ್ಟ್‌ಗೆ ಒತ್ತಿ. ಬೋಲ್ಟ್ ಮೇಲೆ ಪೇಂಟ್ ಇದ್ದರೆ ಸಂಪರ್ಕ ಸಿಗುವುದಿಲ್ಲ, ಬರಿ ಲೋಹ ಇರುವ ಜಾಗ ಹುಡುಕಿ.

ದಯವಿಟ್ಟು 12 ವೋಲ್ಟ್ ಸಾಕೆಟ್ ಒಳಗೆ ವೈರ್ ಹಾಕಬೇಡಿ. ಹೊರಗೋಡೆ ಗ್ರೌಂಡ್ ನಿಜ, ಆದರೆ ನಡುವಿನ ಕಾಂಟ್ಯಾಕ್ಟ್ ಪಾಸಿಟಿವ್. ಕೈ ಜಾರಿದರೆ ಫೋನಿನ ಗ್ರೌಂಡಿಗೆ 12 ವೋಲ್ಟ್ ಹೋಗುತ್ತದೆ.

ದನಿ ವಾಪಸ್ ಬಂದರೆ ಜಾಕ್ ಬಿಚ್ಚುವುದು ವ್ಯರ್ಥವಾಗುವುದಿಲ್ಲ.

ಸಂಜೆಗಾಳಿ:

ನಡುವೆ ಬಂದೆ, ಕ್ಷಮಿಸಿ. ನನ್ನದು ಬೇರೆ ತೊಂದರೆ. ಹೊರಗಿನಿಂದ ತಂದು ಹಾಕಿಸಿದ ಸೆಟ್. ಮುಂದೆ ಆಕ್ಸ್ ಜಾಕ್ ಇದೆ. ಆದರೆ ಸೋರ್ಸ್ ಬಟನ್ ಒತ್ತುತ್ತಾ ಹೋದರೆ ರೇಡಿಯೋ, ಯುಎಸ್‌ಬಿ ಅಷ್ಟೇ ಬರುತ್ತವೆ. ಆಕ್ಸ್ ಅಂತ ಬರುವುದೇ ಇಲ್ಲ. ಬ್ಯಾಟರಿ ಬದಲಿಸಿದ ಮೇಲೆ ಹೀಗಾಗಿದೆ.

ಹಳೆಗೇರ್:

ಮೇಡಂ, ಬ್ಯಾಟರಿ ಬದಲಿಸಿದ ಮೇಲೆ ಅಂದಿರಲ್ಲ, ಅದೇ ಸುಳಿವು. ಎಷ್ಟೋ ಸೆಟ್‌ಗಳಲ್ಲಿ ಆಕ್ಸ್ ಅನ್ನು ಮೆನುವಿನಲ್ಲಿ ಆನ್ ಅಥವಾ ಆಫ್ ಮಾಡಬಹುದು. ಕರೆಂಟ್ ಪೂರ್ತಿ ಹೋದಾಗ ಕೆಲವು ಸೆಟ್ ಮೊದಲಿನ ಸೆಟ್ಟಿಂಗ್‌ಗೆ ಮರಳುತ್ತವೆ. ಪಯೋನಿಯರ್‌ನಂಥ ಕೆಲವು ಸೆಟ್‌ಗಳಲ್ಲಿ ಈ ಆಯ್ಕೆ ಸಾಮಾನ್ಯ ಮೆನುವಿನಲ್ಲಿ ಕಾಣುವುದಿಲ್ಲ. ಮೊದಲು ಸೋರ್ಸ್ ಆಫ್ ಮಾಡಬೇಕು, ಅಂದರೆ ಡಿಸ್‌ಪ್ಲೇಯಲ್ಲಿ ಗಡಿಯಾರ ಮಾತ್ರ ಉಳಿಯಬೇಕು. ಆಮೇಲೆ ನಾಬ್ ಒತ್ತಿ ಹಿಡಿದರೆ ಇನಿಷಿಯಲ್ ಅಥವಾ ಸಿಸ್ಟಮ್ ಮೆನು ತೆರೆಯುತ್ತದೆ. ಅಲ್ಲಿ ಆಕ್ಸ್ ಹುಡುಕಿ ಆನ್ ಮಾಡಿ. ನಿಮ್ಮ ಮಾಡಲ್‌ನ ಪುಸ್ತಕ ನೋಡಿದರೆ ಸರಿಯಾದ ಬಟನ್ ಗೊತ್ತಾಗುತ್ತದೆ.

ಮೆನುವಿನಲ್ಲಿ ಆನ್ ಇದ್ದೂ ಬರದಿದ್ದರೆ ಜಾಕ್ ನೋಡಬೇಕು. ಕೆಲವು ಜಾಕ್‌ಗಳ ಒಳಗೆ ಸಣ್ಣ ಸ್ವಿಚ್ ಇರುತ್ತದೆ. ಪಿನ್ ಒಳಗೆ ಹೋದಾಗ ಅದು ಸರಿದು, ಏನೋ ಸಿಕ್ಕಿಸಿದ್ದಾರೆ ಅಂತ ಸೆಟ್‌ಗೆ ತಿಳಿಸುತ್ತದೆ. ಆ ಸ್ವಿಚ್ ಮೇಲೆ ದೂಳು ಕೂತರೆ ಆಕ್ಸ್ ಕಾಣುವುದೇ ಇಲ್ಲ. ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಪಿನ್ನಿಗೆ ಸ್ವಲ್ಪ ಹಚ್ಚಿ ಹಲವು ಸಲ ಹಾಕಿ ತೆಗೆಯಿರಿ. ಸೆಟ್ ಆಫ್ ಇರಲಿ. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಬೇಡ, ಅದರ ಜಿಡ್ಡು ಒಳಗೆ ಉಳಿದು ದೂಳು ಹಿಡಿಯುತ್ತದೆ.

ಸಂಜೆಗಾಳಿ:

ಮೆನುವಿನಲ್ಲೇ ಆಫ್ ಆಗಿತ್ತು! ಈಗ ಬಂತು. ತುಂಬಾ ಧನ್ಯವಾದ. ಆದರೆ ಆಕ್ಸ್ ಸದ್ದು ರೇಡಿಯೋಗಿಂತ ತುಂಬಾ ಕಡಿಮೆ. ರೇಡಿಯೋಗೆ ಬದಲಿಸಿದರೆ ಕಿವಿಗೆ ಹೊಡೆದ ಹಾಗೆ ಕಿರುಚುತ್ತದೆ.

ದೂರದಾರಿ:

ಫೋನಿನ ವಾಲ್ಯೂಮ್ ಎಷ್ಟಿದೆ ನೋಡಿ. ಕೆಲವರು ಫೋನನ್ನು ಅರ್ಧಕ್ಕೆ ಇಟ್ಟು ಸ್ಟೀರಿಯೋ ಏರಿಸುತ್ತಾರೆ. ಅದು ಉಲ್ಟಾ ಆಗಬೇಕು. ಫೋನಿನಿಂದ ಬರುವ ಸಿಗ್ನಲ್ ಸಣ್ಣದಾದರೆ ಸ್ಟೀರಿಯೋ ಅದನ್ನು ದೊಡ್ಡದು ಮಾಡುವಾಗ ಸುಯ್ ಸದ್ದು, ಕುಂಯ್ ಸದ್ದು ಎಲ್ಲವನ್ನೂ ಜೊತೆಗೇ ದೊಡ್ಡದು ಮಾಡುತ್ತದೆ. ಫೋನನ್ನು ಶೇಕಡಾ 80ರಿಂದ 90ರ ಹತ್ತಿರ ಇಡಿ. ಅಲ್ಲಿ ದನಿ ಒಡೆಯುತ್ತಿದ್ದರೆ ಸ್ವಲ್ಪ ಇಳಿಸಿ. ಆಮೇಲೆ ಕಾರಿನ ನಾಬ್‌ನಲ್ಲಿ ಬೇಕಾದಷ್ಟು ಮಾಡಿಕೊಳ್ಳಿ. ಫೋನಿನ ಈಕ್ವಲೈಸರ್ ಆಫ್ ಇರಲಿ. ಎರಡು ಕಡೆ ಬೇಸ್ ಏರಿಸಿದರೆ ದನಿ ಒಡೆಯುವುದು ಬೇಗ.

ಸೆಟ್‌ನಲ್ಲೂ ನೋಡಿ. ಸೋರ್ಸ್ ಲೆವೆಲ್ ಅಂತ ಒಂದು ಆಯ್ಕೆ ಇರಬಹುದು. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರಿನ ಕೆಲವು ಸೆಟ್‌ಗಳಲ್ಲಿ ಆಕ್ಸ್ ಲೆವೆಲ್ ಅನ್ನು ಕಡಿಮೆ, ಮಧ್ಯಮ, ಜಾಸ್ತಿ ಅಂತ ಮೂರು ಹಂತದಲ್ಲಿ ಬದಲಿಸಬಹುದು. ಒಂದು ಸಲ ರೇಡಿಯೋಗೆ ಸಮ ಮಾಡಿಬಿಟ್ಟರೆ ಮತ್ತೆ ಬೆಚ್ಚಿಬೀಳುವ ಪ್ರಶ್ನೆ ಇಲ್ಲ. ಗಾಡಿ ಓಡಿಸುವಾಗ ಹಾಗೆ ಕಿರುಚುವುದು ಅಪಾಯ ಕೂಡ.

ಮೌನಎಂಜಿನ್:

ಇನ್ನೊಂದು ಪ್ರಶ್ನೆ ಕೇಳಿಬಿಡುತ್ತೇನೆ. ಹೊಸ ಫೋನಿನಲ್ಲಿ 3.5 ಜಾಕ್ ಇಲ್ಲ. ತಮ್ಮನ ಫೋನಿನ ಜೊತೆ ಬಂದ ಟೈಪ್-ಸಿ ಕನೆಕ್ಟರ್ ಹಾಕಿದೆ. ಅವನ ಫೋನಿನಲ್ಲಿ ಕೆಲಸ ಮಾಡುತ್ತದೆ, ನನ್ನದರಲ್ಲಿ ಸದ್ದೇ ಇಲ್ಲ. ಹಾಡು ಫೋನಿನ ಸ್ಪೀಕರ್‌ನಲ್ಲೇ ಬರುತ್ತದೆ.

ತಂತಿಜಾಡು:

ಟೈಪ್-ಸಿ ಕನೆಕ್ಟರ್‌ಗಳಲ್ಲಿ ಎರಡು ಜಾತಿ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಒಂದರಲ್ಲಿ ಬರೀ ವೈರ್ ಇರುತ್ತದೆ. ಫೋನಿನ ಒಳಗೇ ಅನಲಾಗ್ ಸಿಗ್ನಲ್ ತಯಾರಾಗಿ ಟೈಪ್-ಸಿ ಪಿನ್‌ಗಳ ಮೂಲಕ ಹೊರಗೆ ಬರಬೇಕು. ಫೋನಿಗೆ ಆ ಸೌಲಭ್ಯ ಇಲ್ಲದಿದ್ದರೆ ಇದು ಕೆಲಸ ಮಾಡುವುದಿಲ್ಲ. ಇನ್ನೊಂದರ ಒಳಗೆ ಒಂದು ಸಣ್ಣ ಚಿಪ್ ಇರುತ್ತದೆ, ಅದನ್ನು ಡ್ಯಾಕ್ ಅನ್ನುತ್ತಾರೆ. ಫೋನ್ ಡಿಜಿಟಲ್ ಡೇಟಾ ಕೊಡುತ್ತದೆ, ಆ ಚಿಪ್ ಅದನ್ನು ಅನಲಾಗ್ ಮಾಡುತ್ತದೆ. ನಿಮ್ಮ ತಮ್ಮನ ಫೋನಿನ ಜೊತೆ ಬಂದದ್ದು ಮೊದಲ ಜಾತಿಯದು ಅಂತ ಕಾಣುತ್ತದೆ. ನಿಮಗೆ ಡ್ಯಾಕ್ ಇರುವುದು ಬೇಕು. ಪ್ಯಾಕೆಟ್ ಮೇಲೆ ಡ್ಯಾಕ್ ಅಂತ ಸ್ಪಷ್ಟವಾಗಿ ಬರೆದಿರುವುದನ್ನೇ ತೆಗೆದುಕೊಳ್ಳಿ. ಡ್ಯಾಕ್ ಇದ್ದೂ ಬರದಿದ್ದರೆ ಫೋನಿನ ಸೆಟ್ಟಿಂಗ್‌ನಲ್ಲಿ ಒಟಿಜಿ (ಹೊರಗಿನ ಯುಎಸ್‌ಬಿ ಸಾಧನ ಬಳಸಲು ಬಿಡುವ ಆಯ್ಕೆ) ಆನ್ ಮಾಡಿ ನೋಡಿ. ಕೆಲವು ಫೋನುಗಳಲ್ಲಿ ಅದು ಸ್ವಲ್ಪ ಹೊತ್ತಿನ ಮೇಲೆ ತಾನೇ ಆಫ್ ಆಗುತ್ತದೆ.

ಐಫೋನ್‌ನಲ್ಲಿ 2016ರಲ್ಲಿ 7ನೇ ಮಾಡಲ್‌ನಿಂದ ಜಾಕ್ ತೆಗೆದರು. ಆ ಐಫೋನ್‌ಗಳ ಚಾರ್ಜಿಂಗ್ ಪೋರ್ಟ್ ಆದ ಲೈಟ್ನಿಂಗ್‌ನಿಂದ 3.5ಗೆ ಬರುವ ಆಪಲ್ ಅಡಾಪ್ಟರ್ ಒಳಗೂ ಡ್ಯಾಕ್ ಇದೆ.

ನೀಲಿಚಕ್ರ:

ವೈರ್ ಪರೀಕ್ಷೆ ಮಾಡಿದೆ! ಮೊದಲ ಬೋಲ್ಟ್‌ನಲ್ಲಿ ಏನೂ ಆಗಲಿಲ್ಲ, ಪೇಂಟ್ ಇತ್ತು. ಸೀಟ್ ಜಾರುವ ಹಳಿಯ ಬರಿ ಲೋಹಕ್ಕೆ ತಾಗಿಸಿದ ಕ್ಷಣ ಗಾಯಕರ ದನಿ ಬಂತು. ತೆಗೆದರೆ ಮಾಯ, ತಾಗಿಸಿದರೆ ಹಾಜರ್. ಇಷ್ಟು ಸ್ಪಷ್ಟವಾಗಿ ಗೊತ್ತಾಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಈಗ ಜಾಕ್ ಬಿಚ್ಚಬೇಕು. ಹೇಗೆ?

ಹಳೆಗೇರ್:

ನಿಧಾನವಾಗಿ ಮಾಡಿ. ಕಾರ್ ಆಫ್, ಕೀ ಹೊರಗೆ. ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆದಿಡಿ. ಅದಕ್ಕೂ ಮೊದಲು ನಿಮ್ಮ ಸೆಟ್‌ಗೆ ಕೋಡ್ ಇದೆಯಾ ನೋಡಿ. ಕಳ್ಳತನ ತಡೆಯಲು ಕೆಲವು ಸೆಟ್ ಬ್ಯಾಟರಿ ತೆಗೆದು ಹಾಕಿದ ಮೇಲೆ ಕೋಡ್ ಕೇಳುತ್ತವೆ. ಕೋಡ್ ಕೈಯಲ್ಲಿ ಇಲ್ಲದೆ ಬ್ಯಾಟರಿ ಮುಟ್ಟಬೇಡಿ.

ಗೇರ್ ಮುಂದಿನ ಪ್ಯಾನಲ್ ಹೆಚ್ಚಾಗಿ ಪ್ಲಾಸ್ಟಿಕ್ ಕ್ಲಿಪ್‌ಗಳ ಮೇಲೆ ನಿಂತಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಗೆರೆ ಬೀಳುತ್ತದೆ. ಪ್ಲಾಸ್ಟಿಕ್ ಪಟ್ಟಿ ಬಳಸಿ, ಒಂದು ಮೂಲೆಯಿಂದ ಶುರು ಮಾಡಿ. ಬಿಡದಿದ್ದರೆ ಜೋರು ಮಾಡಬೇಡಿ, ಎಲ್ಲೋ ಒಂದು ಸ್ಕ್ರೂ ಅಡಗಿರುತ್ತದೆ. ರಬ್ಬರ್ ಮ್ಯಾಟ್ ಅಡಿಯಲ್ಲಿ, ಆಶ್‌ಟ್ರೇ ಹಿಂದೆ ಹುಡುಕಿ. ಏರ್‌ಬ್ಯಾಗ್ ಗುರುತು ಇರುವ ಯಾವ ಭಾಗವನ್ನೂ, ಹಳದಿ ಕನೆಕ್ಟರ್ ಇರುವ ವೈರನ್ನೂ ಮುಟ್ಟಬೇಡಿ. ಅವು ಸಾಮಾನ್ಯವಾಗಿ ಏರ್‌ಬ್ಯಾಗಿನವು.

ಪ್ಯಾನಲ್ ಎತ್ತಿದ ಮೇಲೆ ಪೂರ್ತಿ ಎಳೆಯಬೇಡಿ. ಹಿಂದೆ ಆಕ್ಸ್, ಸಾಕೆಟ್, ಲೈಟಿನ ವೈರ್ ಇರುತ್ತವೆ. ಫೋಟೋ ತೆಗೆದುಕೊಂಡು ಒಂದೊಂದೇ ಕನೆಕ್ಟರ್ ಬಿಚ್ಚಿ, ಅದರ ಲಾಕ್ ಒತ್ತಿ. ಮೊದಲು ಆಕ್ಸ್ ಕನೆಕ್ಟರ್ ಲೂಸ್ ಇದೆಯಾ ನೋಡಿ. ಎಷ್ಟೋ ಸಲ ಅಷ್ಟೇ ಆಗಿರುತ್ತದೆ.

ತಂತಿಜಾಡು:

ಮಲ್ಟಿಮೀಟರ್ ಇದ್ದರೆ ಬೀಪ್ ಮೋಡ್‌ನಲ್ಲಿ ಇಡಿ. ಆಕ್ಸ್ ಕೇಬಲ್ ಜಾಕ್‌ಗೆ ಹಾಕಿ. ಕೇಬಲ್ಲಿನ ಇನ್ನೊಂದು ಪಿನ್ನಿನ ತುದಿ, ರಿಂಗ್, ಬುಡ, ಒಂದೊಂದಕ್ಕೂ ಒಂದು ಪ್ರೋಬ್ ಇಟ್ಟು, ಜಾಕ್ ಹಿಂದಿನ ಕನೆಕ್ಟರ್ ಪಿನ್‌ಗಳಲ್ಲಿ ಇನ್ನೊಂದು ಪ್ರೋಬ್ ಇಡಿ. ಮೂರಕ್ಕೂ ಒಂದೊಂದು ಜೋಡಿ ಬೀಪ್ ಸಿಗಬೇಕು. ತುದಿ ಮತ್ತು ರಿಂಗ್ ನಡುವೆ ಬೀಪ್ ಬರಬಾರದು, ಬಂದರೆ ಶಾರ್ಟ್. ಪ್ರೋಬ್ ಇಟ್ಟಿರುವಾಗಲೇ ಪಿನ್ನನ್ನು ಮೇಲೆ ಕೆಳಗೆ ಸ್ವಲ್ಪ ಅಲ್ಲಾಡಿಸಿ. ಆಗ ಬೀಪ್ ಕಡಿದು ಕಡಿದು ಬಂದರೆ ತಪ್ಪು ಅಲ್ಲೇ ಇದೆ.

ನೀಲಿಚಕ್ರ:

ಸಿಕ್ಕಿತು. ಜಾಕ್ ಒಂದು ಚಿಕ್ಕ ಬೋರ್ಡ್ ಮೇಲೆ ಕೂತಿದೆ. ಎಡ, ಬಲ ಎರಡಕ್ಕೂ ಬೀಪ್ ಬಂತು. ಬುಡಕ್ಕೆ ಬರಲಿಲ್ಲ. ಬೋರ್ಡ್ ತಿರುಗಿಸಿ ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದರೆ, ಒಂದು ಕಾಲಿನ ಸುತ್ತ ಸೋಲ್ಡರ್‌ನಲ್ಲಿ ಉಂಗುರದ ಹಾಗೆ ಬಿರುಕು. ಬೆರಳಲ್ಲಿ ಜಾಕ್ ಒತ್ತಿದರೆ ಬೀಪ್ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಸೋಲ್ಡರ್ ಮಾಡಿದರೆ ಸಾಕಾ, ಜಾಕ್ ಬದಲಿಸಬೇಕಾ?

ತಂತಿಜಾಡು:

ಬಹಳ ಚೆನ್ನಾಗಿ ಹುಡುಕಿದ್ದೀರಿ. ಪಿನ್ ಹಾಕಿದರೆ ಗಟ್ಟಿಯಾಗಿ ಕೂರುತ್ತದೆ, ಟಕ್ ಅನ್ನುತ್ತದೆ ಅಂದರೆ ಜಾಕ್ ಚೆನ್ನಾಗಿದೆ. ಸೋಲ್ಡರ್ ಸಾಕು. ಪಿನ್ ಸಡಿಲವಾಗಿ ಅಲ್ಲಾಡುತ್ತಿದ್ದರೆ ಜಾಕ್ ಬದಲಿಸಿ.

ಹಳೆಯ ಬಿರುಕಿನ ಮೇಲೆ ಹೊಸ ಸೋಲ್ಡರ್ ಸುರಿಯಬೇಡಿ. ಹಳೆಯದನ್ನು ಸೋಲ್ಡರ್ ವಿಕ್‌ನಿಂದ (ಕರಗಿದ ಸೋಲ್ಡರ್ ಹೀರುವ ತಾಮ್ರದ ಹೆಣೆದ ಪಟ್ಟಿ) ಹೀರಿ ತೆಗೆಯಿರಿ. ಫ್ಲಕ್ಸ್ ಹಚ್ಚಿ. ಸೋಲ್ಡರಿಂಗ್ ಐರನ್ ತುದಿ ಕಾಲಿಗೂ ಬೋರ್ಡಿನ ತಾಮ್ರಕ್ಕೂ ಒಟ್ಟಿಗೇ ತಾಗಿರಲಿ, ಎರಡೂ ಬಿಸಿಯಾದ ಮೇಲೆ ಸೋಲ್ಡರ್ ಕೊಡಿ. ತುಂಬಾ ಹೊತ್ತು ಹಿಡಿದರೆ ಜಾಕಿನ ಪ್ಲಾಸ್ಟಿಕ್ ಕರಗುತ್ತದೆ. ಗ್ರೌಂಡಿನ ತಾಮ್ರದ ಪಟ್ಟಿ ಅಗಲ ಇರುವುದರಿಂದ ಬಿಸಿ ಬೇಗ ಹರಡುತ್ತದೆ, ದಪ್ಪ ತುದಿಯ ಐರನ್ ಒಳ್ಳೆಯದು. ಆ ಒಂದು ಕಾಲು ಮಾತ್ರ ಅಲ್ಲ, ಉಳಿದ ಕಾಲುಗಳನ್ನೂ ಹೊಸದಾಗಿ ಮಾಡಿಬಿಡಿ. ಅವೂ ಅಷ್ಟೇ ಏಟು ತಿಂದಿರುತ್ತವೆ. ಸೋಲ್ಡರಿಂಗ್ ಅಭ್ಯಾಸ ಇಲ್ಲದಿದ್ದರೆ ಬೋರ್ಡ್ ಮಾತ್ರ ಬಿಚ್ಚಿಕೊಂಡು ಮೊಬೈಲ್ ಅಥವಾ ಟಿವಿ ರಿಪೇರಿ ಮಾಡುವವರಿಗೆ ಕೊಡಿ, ಅವರಿಗೆ ಇದು ಚಿಕ್ಕ ಕೆಲಸ.

ಬಿರುಕು ಬಿಟ್ಟದ್ದಕ್ಕೆ ಕಾರಣವೂ ಇದೆ. ನೇರ ಪಿನ್ ಹೊರಗೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಕೈ ತಾಗುತ್ತದೆ, ಗೇರ್ ಹಾಕುವಾಗ ಕೇಬಲ್ ಎಳೆಯುತ್ತದೆ. ಅಷ್ಟೂ ಬಲ ಆ ಮೂರ್ನಾಲ್ಕು ಸೋಲ್ಡರ್ ಚುಕ್ಕಿಗಳ ಮೇಲೆ ಬೀಳುತ್ತದೆ. ಇನ್ನು ಮುಂದೆ ಎಲ್ ಆಕಾರದ ಪಿನ್ ಇರುವ ಕೇಬಲ್ ಬಳಸಿ.

ನೀಲಿಚಕ್ರ:

ಪರಿಚಯದ ಟಿವಿ ರಿಪೇರಿಯವರ ಹತ್ತಿರ ಎಲ್ಲ ಕಾಲುಗಳನ್ನೂ ಹೊಸದಾಗಿ ಸೋಲ್ಡರ್ ಮಾಡಿಸಿದೆ. ವಾಪಸ್ ಕೂರಿಸಿದೆ. ಚಾರ್ಜರ್ ಇಲ್ಲದೆ ಹಾಡು ಪೂರ್ತಿ ಕೇಳುತ್ತದೆ, ಬೇಸ್ ಕೂಡ ಬಂತು. ಮ್ಯಾಪ್ ದನಿ ಸ್ಪಷ್ಟ. ನಿಮ್ಮೆಲ್ಲರಿಗೂ ಮನಸಾರೆ ಧನ್ಯವಾದ.

ಚಾರ್ಜರ್ ಹಾಕಿದಾಗ ಕುಂಯ್ ಸದ್ದು ಮೊದಲಿಗಿಂತ ತುಂಬಾ ಕಡಿಮೆ. ಆದರೆ ಹಾಡು ನಿಲ್ಲಿಸಿದಾಗ ಸ್ವಲ್ಪ ಕೇಳುತ್ತದೆ. ಗ್ರೌಂಡ್ ಸರಿಯಾದ ಮೇಲೂ ಯಾಕೆ?

ತಂತಿಜಾಡು:

ಈಗ ಇರುವುದು ನಿಜವಾದ ಗ್ರೌಂಡ್ ಲೂಪ್. ಫೋನಿನ ಗ್ರೌಂಡ್‌ಗೆ ಈಗ ಎರಡು ದಾರಿ, ಒಂದು ಆಕ್ಸ್ ಕೇಬಲ್, ಇನ್ನೊಂದು ಚಾರ್ಜರ್. ಎರಡೂ ಬಾಡಿಗೆ ಸೇರುವ ಜಾಗ ಬೇರೆ ಬೇರೆ. ಆ ಜಾಗಗಳ ನಡುವೆ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಇದ್ದರೂ ಕೇಬಲ್ಲಿನ ಗ್ರೌಂಡ್ ವೈರಿನಲ್ಲಿ ಕರೆಂಟ್ ಓಡಿ ಸದ್ದಾಗುತ್ತದೆ. ಫೋನನ್ನು ಚಾರ್ಜರ್ ಬದಲು ಪವರ್ ಬ್ಯಾಂಕ್‌ಗೆ ಹಾಕಿ ನೋಡಿ. ಪವರ್ ಬ್ಯಾಂಕ್ ಕಾರಿಗೆ ಸಿಕ್ಕಿಸಿರಬಾರದು. ಸದ್ದು ಪೂರ್ತಿ ನಿಂತರೆ ಲೂಪ್ ಅಂತ ಖಾತ್ರಿ. ಆಗ ನಿಮ್ಮ ಐಸೊಲೇಟರ್ ಮತ್ತೆ ಹಾಕಿ, ಈ ಸಲ ದನಿ ಹೋಗುವುದಿಲ್ಲ.

ದೂರದಾರಿ:

ಐಸೊಲೇಟರ್ ಬಗ್ಗೆ ಒಂದು ಮಾತು. ಅದರ ಟ್ರಾನ್ಸ್‌ಫಾರ್ಮರ್ ತುಂಬಾ ಚಿಕ್ಕದಿದ್ದರೆ ಆಳದ ಬೇಸ್ ಸ್ವಲ್ಪ ಕಡಿಮೆಯಾಗುತ್ತದೆ. ಬೇಸ್ ಜಾಸ್ತಿ ಇರುವ ಒಂದು ಹಾಡನ್ನು ಐಸೊಲೇಟರ್ ಇಟ್ಟು, ತೆಗೆದು ಕೇಳಿ ನೋಡಿ. ವ್ಯತ್ಯಾಸ ಎದ್ದು ಕಂಡರೆ ಚಾರ್ಜ್ ಮಾಡುವಾಗ ಮಾತ್ರ ಹಾಕಿ. ಫೋನನ್ನು ಕೇಬಲ್ ಮೇಲೆ ಇಡಬೇಡಿ. 2ಜಿ ಸಿಗ್ನಲ್‌ಗೆ ಇಳಿದಾಗ ಫೋನ್ ಸೆಕೆಂಡಿಗೆ ಸುಮಾರು 217 ಸಲ ತುಣುಕು ತುಣುಕಾಗಿ ಸಿಗ್ನಲ್ ಕಳಿಸುತ್ತದೆ, ಕರೆ ಬರುವ ಮೊದಲು ಸ್ಪೀಕರ್‌ನಲ್ಲಿ ಟರ್ರ್ ಟರ್ರ್ ಅಂತ ಕೇಳುವುದು ಅದೇ. ಅದಕ್ಕೂ ಗ್ರೌಂಡ್ ಲೂಪಿಗೂ ಸಂಬಂಧ ಇಲ್ಲ, ಐಸೊಲೇಟರ್‌ನಿಂದ ಹೋಗುವುದಿಲ್ಲ.

ನೀಲಿಚಕ್ರ:

ಪವರ್ ಬ್ಯಾಂಕ್‌ನಲ್ಲಿ ಸದ್ದು ಪೂರ್ತಿ ಇಲ್ಲ. ಐಸೊಲೇಟರ್ ಹಾಕಿದೆ, ಚಾರ್ಜರ್ ಜೊತೆಗೂ ಈಗ ಶಾಂತ, ದನಿಯೂ ಇದೆ. ಬೇಸ್ ವ್ಯತ್ಯಾಸ ನನ್ನ ಕಿವಿಗೆ ಗೊತ್ತಾಗಲಿಲ್ಲ. ಎಲ್ ಪಿನ್ ಕೇಬಲ್ ಕೂಡ ಹಾಕಿದ್ದೇನೆ, ಗೇರ್ ಬದಲಿಸುವಾಗ ಕೈಗೆ ತಾಗುವುದಿಲ್ಲ.

ಮೌನಎಂಜಿನ್:

ನನಗೂ ಡ್ಯಾಕ್ ಇರುವ ಕನೆಕ್ಟರ್ ಸಿಕ್ಕಿತು, ಸದ್ದು ಬರುತ್ತಿದೆ. ಆದರೆ ಅದನ್ನು ಹಾಕಿದರೆ ಚಾರ್ಜ್ ಮಾಡಲು ಜಾಗವೇ ಇಲ್ಲವಲ್ಲ?

ತಂತಿಜಾಡು:

ಚಾರ್ಜಿಂಗ್ ಪೋರ್ಟ್ ಕೂಡ ಇರುವ ಡ್ಯಾಕ್ ಕನೆಕ್ಟರ್ ಸಿಗುತ್ತವೆ. ಫೋನಿನ ಟೈಪ್-ಸಿಗೆ ಒಂದು ಕಡೆ, ಆಚೆ 3.5 ಜಾಕ್ ಒಂದು, ಚಾರ್ಜರ್‌ಗೆ ಟೈಪ್-ಸಿ ಒಂದು. ತೆಗೆದುಕೊಳ್ಳುವಾಗ ನಿಮ್ಮ ಫೋನಿನ ಚಾರ್ಜಿಂಗ್ ವಿಧಾನಕ್ಕೆ ಹೊಂದುತ್ತದಾ ನೋಡಿ, ಇಲ್ಲದಿದ್ದರೆ ಚಾರ್ಜ್ ನಿಧಾನವಾಗುತ್ತದೆ. ಅದರಲ್ಲಿ ಆಡಿಯೋ ಮತ್ತು ಚಾರ್ಜರ್‌ನ ಗ್ರೌಂಡ್ ಒಂದೇ ಜಾಗದಲ್ಲಿ ಸೇರುತ್ತವೆ, ಹಾಗಾಗಿ ಕುಂಯ್ ಸದ್ದು ಬರುವ ಸಾಧ್ಯತೆ ಇದೆ. ಬಂದರೆ 3.5 ಜಾಕ್ ಮತ್ತು ಆಕ್ಸ್ ಕೇಬಲ್ ನಡುವೆ ಐಸೊಲೇಟರ್ ಹಾಕಿ.